ಎಡಗಡೆಯ ‘ತೊಂ’ ಮತ್ತು ಈಶಾನ್ಯ ಮೂಲೆ

ಬ್ಯಾಂಕ್ ನೌಕರನಿಗೆ ವರ್ಗವಾದಾಗಲೆಲ್ಲ ಹೊಸ ಮನೆ ಸಿಗುತ್ತೆ, ಹೊಸ ಹಾಲಿನವನು ಸಿಗುತ್ತಾನೆ, ಅವೆರಡಕ್ಕೂ ಮುಂಚೆ ಹೊಸದೊಂದು ಫಜೀತಿ ಬಂದು ಬಾಗಿಲಲ್ಲಿ ನಿಂತಿರುತ್ತೆ. ನನ್ನ ಸರ್ವೀಸಿನಲ್ಲಿ ಇದು ಒಂದು ಊರಲ್ಲೂ ತಪ್ಪಿಲ್ಲ. ಆದರೆ ವಿಶಾಖಪಟ್ಟಣದಲ್ಲಿ ಆದದ್ದಿದೆಯಲ್ಲ, ಅದರ ಮುಂದೆ ಉಳಿದವೆಲ್ಲ ಏನೂ ಅಲ್ಲ ಬಿಡಿ. ಹಗಲೆಲ್ಲ ಸಾಲದ ಅರ್ಜಿ ನೋಡುವ ನಾನು ಅಲ್ಲಿ ಮನೆಯೊಳಗೆ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟೋಕೆ ಹೊರಟೆ. ಈಗಲೂ ನೆನೆಸಿಕೊಂಡರೆ ಕೈ ತಾನಾಗಿ ತೊಡೆ ಮೇಲೆ ತಾಳ ಹಾಕುತ್ತೆ!

ಅಕ್ಕಿ ಮೂಟೆ

ನಾನು ಚಿಕ್ಕಂದಿನಿಂದ ಮೃದಂಗ ಬಾರಿಸುವವನು. ದೊಡ್ಡ ಕಛೇರಿಗಳ ವಿದ್ವಾಂಸ ಏನಲ್ಲ. ತುಮಕೂರಿನಲ್ಲಿ ನಮ್ಮಕ್ಕ ಭರತನಾಟ್ಯದ ಶಾಲೆ ನಡೆಸುತ್ತಾಳೆ, ಅವಳ ಹುಡುಗಿಯರ ವಾರ್ಷಿಕೋತ್ಸವಕ್ಕೆ ಮೊದಲಿಂದಲೂ ಮೃದಂಗ ನನ್ನದೇ. ವೈಜಾಗಿಗೆ ವರ್ಗವಾದ ಮೇಲೆ ರಜೆ ಸಿಗೋದು ಅನುಮಾನ ಅಂದೆ. "ಹಾಗಾದ್ರೆ ಮನೇಲೇ ರೆಕಾರ್ಡ್ ಮಾಡಿ ಕಳಿಸೋ, ಅದನ್ನೇ ಹಾಕಿ ಕುಣಿಸ್ತೀನಿ" ಅಂದಳು ಅಕ್ಕ.

ಅಯ್ಯೋ, ಅದಕ್ಕೇನಂತೆ! ವೈಜಾಗಿನ ಮಧುರವಾಡ ಬಡಾವಣೆಯ ಹೊಸ ಅಪಾರ್ಟ್‌ಮೆಂಟಿನಲ್ಲಿ ನಮಗೊಂದು ಕೋಣೆ ಪೂರ್ತಿ ಖಾಲಿ ಬಿದ್ದಿತ್ತು. ಒಳ್ಳೇ ಮೈಕ್ ತಂದೆ. ಮೃದಂಗದ ಎಡಗಡೆಗೆ ರವೆ ಕಲಸಿ ಅಂಟಿಸಿ, ಶ್ರುತಿ ಮಾಡಿ, ಚಕ್ಕಂಬಕ್ಕಳ ಹಾಕಿ ಕೂತು ಬಾರಿಸಿದ್ದೇ ಬಾರಿಸಿದ್ದು. ಎಡಗಡೆಯ ಆ ‘ತೊಂ’ ಅನ್ನೋ ತುಂಬು ನಾದ ಇದೆಯಲ್ಲ, ಅದೇ ನನ್ನ ಹೆಮ್ಮೆ. ಕಳಿಸಿ ಹೊಗಳಿಕೆಗೆ ಕಾಯುತ್ತಾ ಕೂತೆ. ಅಕ್ಕನ ಫೋನ್ ಬಂತು.

"ಇದೇನೋ ಇದು? ಗೋಡೌನಲ್ಲಿ ಅಕ್ಕಿ ಮೂಟೆ ಇಳಿಸ್ತಿದ್ದಾರಾ?"

"ಅಕ್ಕ, ಅದು ಮಿಶ್ರಚಾಪು ತಾಳ."

"ಯಾವ ತಾಳಾನೋ ಏನೋ. ಬಲಗಡೆ ಏನ್ ಬಾರಿಸ್ತಿದೀಯ ಅಂತ ಕೇಳಿಸ್ತಾನೇ ಇಲ್ಲ. ಎಡಗಡೆ ಬರೀ ಗುಂಯ್ ಗುಂಯ್ ಅಂತ ಕೋಣೆ ತುಂಬಾ ಉರುಳಾಡ್ತಿದೆ. ಇದನ್ನ ಹಾಕಿದ್ರೆ ನನ್ನ ಹುಡುಗೀರು ಹೆಜ್ಜೆ ಹಾಕಲ್ಲ ಕಣೋ, ಭೂಕಂಪ ಅಂತ ಹೊರಗೆ ಓಡ್ತಾರೆ."

ಅಷ್ಟಕ್ಕೇ ಬಿಟ್ಟಿದ್ದರೆ ಸಹಿಸಿಕೊಳ್ತಿದ್ದೆ. "ನೋಡು, ಪಕ್ಕದ ಬೀದಿ ಕೀಬೋರ್ಡ್ ಮೇಷ್ಟ್ರ ಹತ್ರ ಮೆಷಿನ್ ಇದೆ. ಬಟನ್ ಒತ್ತಿದ್ರೆ ಸಾಕು, ಮೃದಂಗ ಬರತ್ತೆ. ನಿಂದು ಸರಿಹೋಗಲಿಲ್ಲ ಅಂದ್ರೆ ಈ ಸಲ ಮೆಷಿನ್ನೇ" ಅಂದುಬಿಟ್ಟಳು.

ಮೆಷಿನ್! ನನ್ನ ಜಾಗಕ್ಕೆ ಬಟನ್! ಗುರುಗಳ ಹತ್ತಿರ ಬೈಸಿಕೊಂಡು, ಬೆರಳು ಊದಿಸಿಕೊಂಡು ಕಲಿತಿದ್ದು ಒಂದು ಬಟನ್ನಿಗೆ ಜಾಗ ಬಿಟ್ಟುಕೊಡೋಕಾ? ನನಗೆ ಅಳುವೇ ಬಂತು, ಸುಳ್ಳಲ್ಲ. ಸಮಾಧಾನ ಮಾಡಲಿ ಅಂತ ಹೆಂಡತಿ ಮುಂದೆ ಹೋಗಿ ಹೇಳಿಕೊಂಡೆ.

"ಮೆಷಿನ್ನೇ ವಾಸಿ ಬಿಡ್ರೀ" ಅಂದಳು ಅವಳು, "ಅದು ಮಧ್ಯೆ ಮಧ್ಯೆ ಕಾಫಿ ಕೇಳಲ್ಲ."

ಮೊಟ್ಟೆ ತಿನ್ನದವರ ಮನೆ

ನಮ್ಮ ಮನೆ ಓನರು ಎದುರು ಫ್ಲಾಟಿನಲ್ಲೇ ಇರುವ ತೆಲುಗಿನವರು, ರಿಟೈರಾದವರು, ಬಹಳ ಮರ್ಯಾದಸ್ತರು. ಮನೆ ಕೊಡುವಾಗ ಅವರು ಕೇಳಿದ್ದು ಎರಡೇ ಪ್ರಶ್ನೆ. "ಬ್ಯಾಂಕಾ ಅಂಡಿ?" ಹೌದು. "ವೆಜಿಟೇರಿಯನ್ನಾ ಅಂಡಿ?" ಹೌದು. ಬೀಗದಕೈ ಕೊಟ್ಟೇಬಿಟ್ಟರು. ಅವರದು ಪೂರ್ತಿ ತೆಲುಗು, ನನ್ನದು ಅರ್ಧ ತೆಲುಗು ಅರ್ಧ ಕನ್ನಡ. ಹೇಗೋ ಸಂಸಾರ ನಡೆಯುತ್ತಿತ್ತು.

ಕೋಣೆಯ ಸದ್ದು ಕಮ್ಮಿ ಮಾಡೋದು ಹೇಗೆ ಅಂತ ಮೊಬೈಲಿನಲ್ಲಿ ಹುಡುಕಿದೆ. ಯಾರೋ ಒಬ್ಬ ಪುಣ್ಯಾತ್ಮ ವಿಡಿಯೋ ಹಾಕಿದ್ದ: ಗೋಡೆ ತುಂಬಾ ಮೊಟ್ಟೆ ಟ್ರೇ ಅಂಟಿಸಿ, ಸ್ಟುಡಿಯೋ ರೆಡಿ! ನನಗೋ ತಡೆಯಲಾರದ ಉತ್ಸಾಹ. ಭಾನುವಾರ ಬೆಳಿಗ್ಗೆ ಮೊಟ್ಟೆ ಹೋಲ್‌ಸೇಲ್ ಅಂಗಡಿಗೆ ಹೋಗಿ, ಖಾಲಿ ಟ್ರೇಗಳನ್ನು ಗದ್ದದವರೆಗೆ ಪೇರಿಸಿಕೊಂಡು ಲಿಫ್ಟ್ ಹತ್ತಿದೆ. ಒಳಗೆ ಯಾರಿದ್ದರು ಹೇಳಿ? ಓನರು, ಹಣೆ ಮೇಲೆ ನಾಮ, ಕೈಯಲ್ಲಿ ಸಿಂಹಾಚಲಂ ಬೆಟ್ಟದ ನರಸಿಂಹನ ಪ್ರಸಾದ.

ಅವರು ಟ್ರೇ ನೋಡಿದರು. ನನ್ನ ನೋಡಿದರು. ಪ್ರಸಾದವನ್ನು ಇನ್ನೊಂದು ಕೈಗೆ ಬದಲಾಯಿಸಿದರು.

"ಮೇನೇಜರ್ ಗಾರು... ಏಮಂಡಿ ಇದಿ?"

"ಅಯ್ಯೋ ತಪ್ಪು ತಿಳ್ಕೋಬೇಡಿ ಸಾರ್. ಒಂದರಲ್ಲೂ ಮೊಟ್ಟೆ ಇಲ್ಲ. ನೀವೇ ನೋಡಿ."

ಅವರು ಬಗ್ಗಿ ನೋಡಿದರು. ಮುಖ ಇನ್ನೂ ಸಣ್ಣದಾಯಿತು. ನಮ್ಮ ಮಹಡಿ ಬಂತು. ಇಳಿಯುವಾಗ ಮೆಲ್ಲಗೆ ಕೇಳಿದರು, "ಇಷ್ಟೂ ಮೊಟ್ಟೆ ಅಂಗಡಿಯಲ್ಲೇ ಕೂತು ತಿಂದು ಬಂದಿರಾ?"

ಆಮೇಲೆ ಅವರನ್ನು ಒಳಗೆ ಕರೆದು, ಗೋಡೆಗೆ ಅಂಟಿಸಿ ತೋರಿಸಿ, ಮೈಕ್ ತೋರಿಸಿ, ಅಕ್ಕನ ಮೆಷಿನ್ ಕತೆಯನ್ನೂ ಹೇಳಿ ನಂಬಿಸುವಷ್ಟರಲ್ಲಿ ನನ್ನ ಬೆವರು ಇಳಿದು ಹೋಗಿತ್ತು. ಟ್ರೇ ಅಂಟಿಸಿದ್ದರಿಂದ ಏನಾಯಿತು ಅಂತೀರಾ? ಚಪ್ಪಾಳೆ ತಟ್ಟಿದರೆ ಸದ್ದು ಬಟ್ಟೆಯೊಳಗೆ ತಟ್ಟಿದ ಹಾಗೆ ಕೇಳಿಸುತ್ತಿತ್ತು. ಆಹಾ ಅಂದುಕೊಂಡು ಮೃದಂಗ ಬಾರಿಸಿದೆ. ಬಲಗಡೆಯ ಚೂಪು ಸದ್ದನ್ನೆಲ್ಲ ಟ್ರೇ ನುಂಗಿಹಾಕಿತ್ತು, ಎಡಗಡೆಯ ಗುಂಯ್ ಇನ್ನೂ ಜೋರಾಗಿ ಮೆರೆಯುತ್ತಿತ್ತು. ಅಕ್ಕನಿಗೆ ಕಳಿಸಿದೆ.

"ಪರವಾಗಿಲ್ಲ ಕಣೋ, ಸುಧಾರಿಸಿದೆ" ಅಂದಳು. ನಾನು ಹಿಗ್ಗಿದೆ. "ಈಗ ಮೂಟೆ ಹೊರೋ ಆಳು ಚಪ್ಪಲಿ ಬಿಟ್ಟು ಬಂದಿದಾನೆ."

ಬಕೆಟ್ಟು ತನ್ನಿ!

ಗತಿಯಿಲ್ಲದೆ ನಗರದ ಒಬ್ಬ ಸ್ಟುಡಿಯೋದವರನ್ನು ಹುಡುಕಿ ಹಿಡಿದೆ. ಬಳ್ಳಾರಿಯ ಅಳಿಯ ಅವರು, ಹೆಂಡತಿಯಿಂದ ಕಲಿತ ಕನ್ನಡ. ಬಂದವರೇ ಮೊಟ್ಟೆ ಟ್ರೇ ನೋಡಿ ಕೈ ಮುಗಿದರು.

"ಸಾರ್, ಸಣ್ಣ ಸದ್ದು ಸೊಳ್ಳೆ ಇದ್ದಂಗಂಡಿ. ಪರದೆ ಕಟ್ಟಿದ್ರೆ ನಿಲ್ತದೆ. ಈ ತಗ್ಗು ಸದ್ದು ಎಮ್ಮೆ. ಪರದೆ ಸಮೇತ ಒಳಗೆ ಬರ್ತದೆ."

ತಗ್ಗಿನ ಸದ್ದು ಸಣ್ಣ ಕೋಣೆಯಲ್ಲಿ ಹೋಗೋಕೆ ಜಾಗ ಇಲ್ಲದೆ ಗೋಡೆಯಿಂದ ಗೋಡೆಗೆ ಹೊಡೆದುಕೊಂಡು ಮೂಲೆಗಳಲ್ಲಿ ಗುಡ್ಡೆ ಬೀಳುತ್ತದಂತೆ. ಅಲ್ಲೇ ದಪ್ಪಗೆ ಉಣ್ಣೆಯಂಥದ್ದನ್ನು ತುಂಬಿ ನಿಲ್ಲಿಸಿದರೆ ಅದರೊಳಗೆ ಹೊಕ್ಕು ಸುಸ್ತಾಗುತ್ತದಂತೆ. ಅದಕ್ಕೆ ಬೇಸ್ ಟ್ರ್ಯಾಪ್ ಅಂತ ಹೆಸರು. ಎಮ್ಮೆ ಹಿಡಿಯೋ ಬೋನು ಅಂತ ನಾನು ಅರ್ಥ ಮಾಡಿಕೊಂಡೆ.

"ಮೊದಲು ಎಮ್ಮೆ ಎಲ್ಲಿ ಮಲಗುತ್ತೆ ನೋಡೋಣಂಡಿ" ಅಂತ ಅವರು ಸ್ಪೀಕರ್ ಇಟ್ಟು ಒಂದು ತಗ್ಗಿನ ಸ್ವರ ಹಾಕಿದರು. ಊಂಂಂಂ ಅಂತ ಒಂದೇ ಸಮನೆ. ಆಮೇಲೆ ನಾವಿಬ್ಬರೂ ಕಿವಿ ಮುಂದೆ ಮಾಡಿ, ಸೊಂಟ ಬಗ್ಗಿಸಿ, ಕೋಣೆ ತುಂಬಾ ನಡೆಯೋಕೆ ಶುರು ಮಾಡಿದೆವು. ಏನು ಮಜಾ ಅಂತೀರಿ! ಕೋಣೆ ಮಧ್ಯಕ್ಕೆ ಬಂದರೆ ಸದ್ದೇ ಇಲ್ಲ! ಒಂದು ಹೆಜ್ಜೆ ಈ ಕಡೆ ಬಂದರೆ ಊಂಂಂ. ಮತ್ತೆ ಆ ಕಡೆ, ಮಾಯ. "ಇಲ್ಲಿಲ್ಲ! ಇಲ್ಲಿದೆ! ಇಲ್ಲಿಲ್ಲ!" ಅಂತ ನಾನು ಕುಣಿದಾಡಿದೆ. ಹೆಂಡತಿ ಬಾಗಿಲಲ್ಲಿ ಬಂದು ನಿಂತು, "ಬ್ಯಾಂಕಿನವರು ನೋಡಿದ್ರೆ ಇವತ್ತೇ ವಿಆರ್‌ಎಸ್ ಕೊಡ್ತಾರೆ" ಅಂದಳು.

ಅಷ್ಟರಲ್ಲಿ ಓನರು ಓಡಿ ಬಂದರು. "ಮೋಟರ್ ಆನ್ ಮಾಡಿದ್ದು ಯಾರಂಡಿ? ಟ್ಯಾಂಕ್ ತುಂಬಿ ಹರಿಯುತ್ತೆ!"

"ಮೋಟರ್ ಅಲ್ಲ ಸಾರ್, ಎಮ್ಮೆ" ಅಂದೆ ಖುಷಿಯಲ್ಲಿ.

ಪಾಪ, ಅವರಿಗೆ ಎಲ್ಲ ಬಿಡಿಸಿ ಹೇಳಬೇಕಾಯಿತು. ಹೇಳಿದ ಮೇಲೆ ಅವರೂ ಪಂಚೆ ಮೇಲಕ್ಕೆ ಕಟ್ಟಿ, ಕಿವಿ ಮುಂದೆ ಮಾಡಿ ನಮ್ಮ ಹಿಂದೆ ನಡೆಯೋಕೆ ಬಂದರು. ಒಂದು ಮೂಲೆಯಲ್ಲಿ ಬಾಗಿಲು, ಇನ್ನೊಂದರಲ್ಲಿ ಬೀರು, ಮತ್ತೊಂದರಲ್ಲಿ ಕಿಟಕಿ. ಖಾಲಿ ಇದ್ದದ್ದು ಈಶಾನ್ಯದ ಮೂಲೆ ಮಾತ್ರ. ಅಲ್ಲಿ ತಲೆ ಇಟ್ಟರೆ ಎದೆಯೆಲ್ಲ ನಡುಗುವಷ್ಟು ಸದ್ದು. ಓನರ ಕಣ್ಣಲ್ಲಿ ನೀರು ಬಂತು.

"ನೋಡಿದಿರಾ? ಈಶಾನ್ಯಂ! ಈ ಮನೆಗೆ ಶಕ್ತಿ ಇದೆ ಅಂತ ನಾನು ಅಡ್ವಾನ್ಸ್ ತಗೊಳ್ಳುವಾಗಲೇ ಹೇಳಲಿಲ್ವಾ?"

"ಬೋನು ಇಲ್ಲೇ ಇಡಬೇಕಂಡಿ" ಅಂದರು ಸ್ಟುಡಿಯೋದವರು.

ಓನರ ಮುಖ ಬಿಗಿಯಿತು. "ಈಶಾನ್ಯದಲ್ಲಿ ಭಾರ ಇಡಬಾರದು. ಬೇರೆ ಎಲ್ಲಾದರೂ ಇಟ್ಟುಕೊಳ್ಳಿ. ಆ ಮೂಲೆಯಲ್ಲಿ ಮಾತ್ರ ಬೇಡ."

ಬೇರೆಲ್ಲಿ ಇಟ್ಟರೂ ಪ್ರಯೋಜನವಿಲ್ಲ ಅಂತ ಇವರು, ಅಲ್ಲಿ ಇಟ್ಟರೆ ಮನೆ ಖಾಲಿ ಮಾಡಿ ಅಂತ ಅವರು. ನನ್ನ ಮೃದಂಗದ ಹಣೆಬರಹ ಈಶಾನ್ಯದಲ್ಲಿ ಸಿಕ್ಕಿಹಾಕಿಕೊಂಡು ಬಿಟ್ಟಿತು. ಬೇಜಾರಿನಲ್ಲಿ ಸ್ವರ ಆಫ್ ಮಾಡಿ ಹೊರಗೆ ಬಂದರೆ, ಮಹಡಿಯ ಹೆಂಗಸರೆಲ್ಲ ತಂತಮ್ಮ ಬಾಗಿಲಲ್ಲಿ ನಿಂತಿದ್ದಾರೆ, ಎಲ್ಲರ ಕೈಯಲ್ಲೂ ಬಕೆಟ್ಟು.

"ಇಷ್ಟು ಹೊತ್ತಿಂದ ಮೋಟರ್ ಓಡ್ತಿದೆ" ಅಂತ ಒಬ್ಬರು ನನ್ನನ್ನೇ ತರಾಟೆಗೆ ತಗೊಂಡರು, "ಒಂದು ತೊಟ್ಟು ನೀರಿಲ್ಲ. ಅಸೋಸಿಯೇಷನ್‌ನವರು ಏನ್ ಮಾಡ್ತಿದಾರೆ?"

ಗವರ್ನರ್‌ಪೇಟೆಯಲ್ಲಿ ಉಣ್ಣೆ

ಅದೇ ಸಮಯಕ್ಕೆ ಬ್ಯಾಂಕಿನವರು ಟ್ರೇನಿಂಗ್ ಅಂತ ನನ್ನನ್ನು ವಿಜಯವಾಡಕ್ಕೆ ಕಳಿಸಿದರು. ಬೋನಿಗೆ ಬೇಕಾದ ಉಣ್ಣೆ, ಅಂದರೆ ಬಾಯ್ಲರಿಗೂ ಕೋಲ್ಡ್ ಸ್ಟೋರೇಜಿಗೂ ಸುತ್ತುವ ರಾಕ್ ವೂಲ್, ಅಲ್ಲಿನ ಗವರ್ನರ್‌ಪೇಟೆಯಲ್ಲಿ ಸಿಗುತ್ತೆ ಅಂತ ಸ್ಟುಡಿಯೋದವರು ಹೇಳಿದ್ದರು. ಮೂಲೆ ಸಿಗುತ್ತೋ ಇಲ್ಲವೋ, ಉಣ್ಣೆಯಂತೂ ಇರಲಿ ಅಂತ ಟ್ರೇನಿಂಗ್ ಮುಗಿದದ್ದೇ ಆಟೋ ಹಿಡಿದೆ. ಆ ಜನ, ಆ ಹಾರ್ನು, ಕೈಗಾಡಿಗಳ ಮಧ್ಯೆ ತೂರಿಕೊಂಡು ಅಂಗಡಿ ಹುಡುಕಿದೆ.

ಅಂಗಡಿಯವರು ಕನ್ನಡಕದ ಮೇಲಿಂದ ನೋಡಿದರು. "ಬಾಯ್ಲರಿಗಾ, ಕೋಲ್ಡ್ ಸ್ಟೋರೇಜಿಗಾ?"

"ಮೃದಂಗಕ್ಕೆ."

ಪೆನ್ನು ಕೆಳಗಿಟ್ಟರು. "ಮೃದಂಗದ ಒಳಗೆ ತುಂಬೋಕಾ?"

"ಅಲ್ಲ ಸಾರ್. ಕೋಣೆ ಮೂಲೆಯಲ್ಲಿ ಇಡೋಕೆ. ಮೃದಂಗದ ಸದ್ದು ಹೆಚ್ಚಾಗಿದೆ, ಕಮ್ಮಿ ಆಗಬೇಕು."

"ಯಾರು ಬಾರಿಸೋದು?"

"ನಾನೇ."

ಅವರು ಒಳಗಿದ್ದ ಪಾರ್ಟ್ನರನ್ನು ಕೂಗಿದರು. ಪಾರ್ಟ್ನರು ಎದುರು ಅಂಗಡಿಯವರನ್ನು ಕರೆದರು. ಎಲ್ಲರೂ ನನ್ನ ಸುತ್ತ ನಿಂತು ನನ್ನ ಸಂಕಟವನ್ನು ಗಂಭೀರವಾಗಿ ಕೇಳಿದರು. ಬಹಳ ಸಭ್ಯ ಜನ, ಒಬ್ಬರೂ ನಗಲಿಲ್ಲ. ಒಬ್ಬರು ಕುರ್ಚಿ ಕೊಟ್ಟರು, ಇನ್ನೊಬ್ಬರು ಟೀ ತರಿಸಿದರು. ಎಲ್ಲ ಕೇಳಿದ ಮೇಲೆ ಅಂಗಡಿಯವರು ಅನುಕಂಪದಿಂದ ನನ್ನ ಭುಜ ಮುಟ್ಟಿದರು.

"ಸಾರ್, ತಪ್ಪು ತಿಳ್ಕೋಬೇಡಿ. ಮಾಲು ಮಾರೋದೇ ನನ್ನ ಕೆಲಸ. ಆದ್ರೂ ಮನಸ್ಸು ತಡೀದೆ ಹೇಳ್ತೀನಿ. ಮೆತ್ತಗೆ ಬಾರಿಸಿ."

ದೇವರೇ ಬಂದು ಕೂತ

ಉಣ್ಣೆ ಬಂತು. ಸ್ಟುಡಿಯೋದವರು ಚೌಕಟ್ಟು ಹೊಡೆಸಿ, ಉಣ್ಣೆ ತುಂಬಿ, ಆಳೆತ್ತರದ ಕಂಬ ಮಾಡಿಕೊಟ್ಟರು. ಅದು ನಡುಮನೆಯಲ್ಲಿ ಸೋಫಾ ಪಕ್ಕ ಬಂದ ನೆಂಟರ ಹಾಗೆ ನಿಂತಿತ್ತು. ಅಕ್ಕ ದಿನಾ ಫೋನ್ ಮಾಡುತ್ತಿದ್ದಳು. "ಈ ಭಾನುವಾರದೊಳಗೆ ಬರಲಿಲ್ಲ ಅಂದ್ರೆ ಮೇಷ್ಟ್ರಿಗೆ ಹೇಳ್ತೀನಿ ಕಣೋ. ಹುಡುಗೀರು ಪ್ರಾಕ್ಟೀಸ್ ಮಾಡಬೇಕು." ನನಗೆ ಊಟ ಸೇರುತ್ತಿರಲಿಲ್ಲ.

ನನ್ನ ಮುಖ ನೋಡಲಾರದೆ ಹೆಂಡತಿಯೇ ದಾರಿ ಹುಡುಕಿದಳು. "ಈಶಾನ್ಯದಲ್ಲಿ ಭಾರ ಇಡಬಾರದು ಸರಿ. ದೇವರನ್ನ ಇಡಬಹುದು ತಾನೆ?" ತನ್ನ ಹಳೇ ಹಳದಿ ರೇಷ್ಮೆ ಸೀರೆಯನ್ನು ಕಂಬಕ್ಕೆ ಸುತ್ತಿದಳು. ಮೇಲೆ ನಮ್ಮ ನರಸಿಂಹಸ್ವಾಮಿ ಫೋಟೋ ತೂಗುಹಾಕಿ, ಹೂ ಮುಡಿಸಿ, ಮುಂದೆ ದೀಪ ಹಚ್ಚಿದಳು. ಆಮೇಲೆ ಓನರನ್ನು ತಾನೇ ಹೋಗಿ ಕರೆದು ತಂದಳು. ಅವರು ನೋಡಿದರು. ಚಪ್ಪಲಿ ಹೊರಗೆ ಬಿಟ್ಟು ಬಂದು ಉದ್ದಕ್ಕೆ ಬಿದ್ದು ನಮಸ್ಕಾರ ಮಾಡಿದರು.

"ನಮ್ಮ ಸಿಂಹಾಚಲಂ ಅಪ್ಪನ್ನ ಸ್ವಾಮಿ! ನಿಮ್ಮ ಕನ್ನಡದವರಲ್ಲೂ ಇಷ್ಟು ಭಕ್ತಿ ಇದೆ ಅಂತ ಗೊತ್ತಿರಲಿಲ್ಲಂಡಿ. ದಿನಾ ಬಂದು ಕೈ ಮುಗಿದು ಹೋಗ್ತೀನಿ, ಬೇಡ ಅನ್ನಬೇಡಿ."

ಬೇಡ ಅನ್ನೋಕೆ ನನಗೆ ಬಾಯಿ ಎಲ್ಲಿತ್ತು? ಸ್ವಾಮಿ ಕೂತ ಕ್ಷಣದಿಂದ ಕೋಣೆಯ ಗುಂಯ್ ಅಡಗಿಹೋಗಿತ್ತು! ಎಡಗೈ ಒತ್ತಿ ಜಾರಿಸಿದರೆ ‘ತೊಂ’ ಅಂತ ದುಂಡಗೆ ಎದ್ದು, ಸದ್ದಿಲ್ಲದೆ ಕೂರುತ್ತಿತ್ತು. ನನಗಂತೂ ಕುಣಿಯೋದೊಂದು ಬಾಕಿ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ರೆಕಾರ್ಡಿಂಗಿಗೆ ಕೂತೆ. ಕಿವಿಗೆ ಹೆಡ್‌ಫೋನು, ಮುಖ ಗೋಡೆ ಕಡೆ, ಕಣ್ಣು ಮುಚ್ಚಿದ್ದೆ. ಓನರು ಸಿಂಹಾಚಲಂ ಬೆಟ್ಟದಿಂದ ತಂದ ತೆಂಗಿನಕಾಯಿ ಹಿಡಿದು ಪೂಜೆಗೆ ಬಂದಿದ್ದು ನನಗೆ ಗೊತ್ತೇ ಆಗಲಿಲ್ಲ. ಅವರನ್ನು ತಡೆಯಬೇಕಾದ ಹೆಂಡತಿ ಅಡಿಗೆಮನೆಯಲ್ಲಿದ್ದಳು. ಅವರು ಸದ್ದು ಮಾಡದೆ ನನ್ನ ಹಿಂದೆ ಕೂತರಂತೆ. ಮೇನೇಜರ್ ಗಾರು ಸ್ವಾಮಿಗೆ ಮೃದಂಗಸೇವೆ ಮಾಡ್ತಿದ್ದಾರೆ ಅಂತ ಮನಸ್ಸು ತುಂಬಿಕೊಂಡು ಕೇಳಿದರಂತೆ.

ನಾನೂ ಅವತ್ತು ಎಂದೂ ಬಾರಿಸದ ಹಾಗೆ ಬಾರಿಸಿದೆ. ಕೊನೆಗೆ ತೀರ್ಮಾನ ಶುರುವಾಯಿತು. ಒಂದೇ ಸೊಲ್ಲು ಮೂರು ಸಲ ಬಂದು ತಾಳದ ಮೊದಲ ಏಟಿಗೆ ಸರಿಯಾಗಿ ನಿಲ್ಲಬೇಕು. ದೇವಸ್ಥಾನದಲ್ಲಿ ಬೆಳೆದವರಿಗೆ ಅದು ಗೊತ್ತು. ವಾದ್ಯ ಹೀಗೆ ಏರಿತು ಅಂದರೆ ಮಂಗಳಾರತಿ ಬಂತು ಅಂತಲೇ ಅರ್ಥ. ಓನರು ಎದ್ದು ನಿಂತು ಕಾಯಿ ಎತ್ತಿದರಂತೆ. ಮೂರನೇ ಸಲ ಮುಗಿದು ನನ್ನ ಎರಡೂ ಕೈ ಮೃದಂಗಕ್ಕೆ ಬಿತ್ತು, ಅದೇ ಕ್ಷಣಕ್ಕೆ ನನ್ನ ಬೆನ್ನ ಹಿಂದೆ ಫಟಾರ್!

ನಾನು ಕೂತಲ್ಲಿಂದ ಒಂದು ಮೊಳ ಹಾರಿದೆ. ತಿರುಗಿದರೆ, ಓನರು ಎರಡು ಹೋಳು ಹಿಡಿದು ಕಣ್ಣು ಮುಚ್ಚಿ ನಿಂತಿದ್ದಾರೆ, ಮೈಕ್ ಮೇಲೆಲ್ಲ ಕಾಯಿನೀರು.

ಬೈಯೋ ಹಾಗಿಲ್ಲ. ತೀರ್ಥ ತಗೊಂಡೆ, ಮೈಕ್ ಒರೆಸಿದೆ, ಅವರು ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿ ಇನ್ನೊಂದು ಸಲ ಬಾರಿಸಿದೆ. ಒಂದು ಚೂರೂ ಲೋಪವಿಲ್ಲ. ಕಳಿಸಿದೆ. ಅಕ್ಕನ ಫೋನು ಬಂದಾಗ ಮೊದಲ ರಿಂಗಿಗೇ ಎತ್ತಿದೆ.

"ಭಾಳ ಚೆನ್ನಾಗಿದೆ ಕಣೋ. ಗುಂಯ್ ಇಲ್ಲ, ಗದ್ದಲ ಇಲ್ಲ, ಒಂದೊಂದು ಸೊಲ್ಲೂ ಮುತ್ತು."

"ಹೌದಾ ಅಕ್ಕ!"

"ಹೂಂ. ನಿಜ ಹೇಳು, ಯಾವ ಮೆಷಿನ್ನಲ್ಲಿ ಮಾಡಿಸಿದೆ?"

ನನ್ನ ಮೈಯೆಲ್ಲ ಉರಿದುಹೋಯಿತು. ಆಣೆ ಮಾಡಿದೆ, ನಂಬಲಿಲ್ಲ. "ಸುಮ್ನಿರೋ, ನೀನು ಬಾರಿಸೋದು ನಂಗೊತ್ತಿಲ್ವಾ? ಮೆಷಿನ್ನೇ ಆಗೋದಾದ್ರೆ ನಮ್ಮ ಮೇಷ್ಟ್ರು ಏನ್ ತಪ್ಪು ಮಾಡಿದ್ರು" ಅಂತ ನಗುತ್ತಾ ಫೋನ್ ಇಟ್ಟಳು. ನಾನೇ ಬಾರಿಸಿದ್ದು ಅಂತ ತೋರಿಸೋಕೆ ನನ್ನ ಹತ್ತಿರ ಇದ್ದದ್ದು ಒಂದೇ, ಆ ಕೆಟ್ಟುಹೋದ ಮೊದಲ ರೆಕಾರ್ಡಿಂಗು. ಯಾವ ಮೆಷಿನ್ನು ತೆಂಗಿನಕಾಯಿ ಒಡೆಯುತ್ತೆ? ಸಿಟ್ಟಿನಲ್ಲಿ ಅದನ್ನೇ ಕಳಿಸಿದೆ.

ತುಂಬಾ ಹೊತ್ತಾದ ಮೇಲೆ ಫೋನು ಬಂತು. ಅಕ್ಕನ ದನಿಯೇ ಬೇರೆಯಾಗಿತ್ತು.

"ತಪ್ಪಾಯ್ತು ಕಣೋ. ಇದು ಮೆಷಿನ್ ಅಲ್ಲ. ಇದನ್ನೇ ಹಾಕ್ತೀನಿ, ನನ್ನ ಹುಡುಗೀರೆಲ್ಲ ಕೇಳಿ ಚಪ್ಪಾಳೆ ಹೊಡೆದ್ರು."

ನನ್ನ ಕಣ್ಣು ತುಂಬಿ ಬಂತು. "ಅಕ್ಕ, ನನ್ನ ಮೃದಂಗ ಅಷ್ಟು ಇಷ್ಟ ಆಯ್ತಾ?"

"ಮೃದಂಗ ಇರಲಿ ಬಿಡು. ಕೊನೇಲಿ ಕಾಯಿ ಒಡೆದ್ರಲ್ಲ, ಅವರ್ಯಾರೋ? ಎಂಥಾ ಲಯ ಕಣೋ ಅವರದು! ನೀನೇ ಒಂದು ಕೂದಲೆಳೆ ಮುಂದೆ ಬಿದ್ದಿದೀಯ, ಅವರು ಸರಿಯಾಗಿ ತಾಳದ ಮೇಲೇ ಒಡೆದಿದಾರೆ. ಮುಂದಿನ ವರ್ಷಕ್ಕೆ ಅವರನ್ನ ಕರ್ಕೊಂಡ್ ಬಾ. ಹಾಗೇ, ನಿನಗೆ ರಜೆ ಸಿಕ್ಕಿದ್ರೆ ನೀನೂ ಬಾ."